ಹಳೆಯ ಗಣಕದಲ್ಲಿ ಆಟ: ಉಪಯೋಗ, ಪ್ರಮಾದ ಮತ್ತು ದಾನದ ವಿವೇಕ

ವಸ್ತುವೊಂದು ಹಳೆಯದಾದ ಮಾತ್ರಕ್ಕೆ ತ್ಯಾಜ್ಯವಾಗುವುದಿಲ್ಲವೆಂಬುದು ಶ್ರಾವಕ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ನಡವಳಿಕೆ. ಅಜ್ಜಿಯ ಕಾಲದ ಹಿತ್ತಾಳೆಯ ಕೊಳಗ ಇಂದಿಗೂ ಅಡುಗೆಮನೆಯಲ್ಲಿರುತ್ತದೆ. ಸವೆದ ಸೀರೆ ಕೌದಿಯಾಗುತ್ತದೆ. ಆದರೆ ಅದೇ ಮನೆಯಲ್ಲಿ ನೀರು ಸೋಸುವ ಬಟ್ಟೆಯ ವಿಷಯದಲ್ಲಿ ಈ ನಿಯಮ ನಡೆಯುವುದಿಲ್ಲ. ಬಟ್ಟೆ ತೆಳುವಾಗಿ ಎಳೆ ಬಿಟ್ಟಿತೆಂದರೆ, ದೂರದ ನೋಟಕ್ಕೆ ಎಷ್ಟೇ ಗಟ್ಟಿಯಾಗಿ ಕಂಡರೂ, ಮನೆಯ ಹೆಣ್ಣುಮಕ್ಕಳು ಅದನ್ನು ಕೊಡದ ಬಾಯಿಂದ ತೆಗೆದುಬಿಡುತ್ತಾರೆ. ಕೊಳಗಕ್ಕೂ ಬಟ್ಟೆಗೂ ಇರುವ ಈ ವ್ಯತ್ಯಾಸವನ್ನು ಯಾರೂ ಗ್ರಂಥ ನೋಡಿ ಕಲಿತದ್ದಲ್ಲ. ಒಂದರ ಕೆಲಸ ಹಿಡಿದಿಡುವುದು, ಮತ್ತೊಂದರ ಕೆಲಸ ತಡೆಯುವುದು. ತಡೆಯಬೇಕಾದುದು ತಡೆಯದೆ ಹೋದಾಗ ಅದರ ಹಳಮೆಗೆ ಬೆಲೆಯಿಲ್ಲ.

ಗಣಕಯಂತ್ರವು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರುತ್ತದೆಯೆಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮನೆಗಳಲ್ಲಿಯೂ ಬಸದಿಗಳ ಕಾರ್ಯಾಲಯಗಳಲ್ಲಿಯೂ ಎದ್ದಿದೆ. ವಿಚಿತ್ರವೆಂದರೆ, ಹಲವು ಮನೆಗಳಲ್ಲಿ ಅದು ಮೊದಲು ಎದ್ದುದು ಲೆಕ್ಕಪತ್ರದ ಮೂಲಕವಲ್ಲ, ಮಕ್ಕಳ ಆಟದ ಮೂಲಕ.

ಅಮೆರಿಕದ ವಾಲ್ವ್ ಸಂಸ್ಥೆಯು ೨೦೦೩ರಲ್ಲಿ ಆರಂಭಿಸಿದ ‘ಸ್ಟೀಮ್’ ಎಂಬುದು ಗಣಕದ ಆಟಗಳಿಗೆ ಅಂಗಡಿಯೂ ಹೌದು, ಉಗ್ರಾಣವೂ ಹೌದು. ಹಣ ಕೊಟ್ಟು ಪಡೆದ ಆಟವು ಕೊಂಡವರ ಹೆಸರಿನ ಖಾತೆಯಲ್ಲಿ ಸ್ಟೀಮಿನ ವಶದಲ್ಲಿಯೇ ಇರುತ್ತದೆ. ಬೇಕಾದಾಗ ಅಲ್ಲಿಂದ ಇಳಿಸಿಕೊಳ್ಳಬೇಕು, ಮತ್ತು ಬಹಳಷ್ಟು ಆಟಗಳು ಸ್ಟೀಮ್ ತಂತ್ರಾಂಶವು ಚಾಲನೆಯಲ್ಲಿರದಿದ್ದರೆ ತೆರೆಯುವುದೇ ಇಲ್ಲ. ಈ ಸಂಸ್ಥೆಯು ೨೦೧೯ರ ಜನವರಿ ೧ರಂದು ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೆ, ೨೦೨೪ರ ಜನವರಿ ೧ರಂದು ವಿಂಡೋಸ್ ೭, ೮ ಹಾಗೂ ೮.೧ಕ್ಕೆ ತನ್ನ ಬೆಂಬಲವನ್ನು ಕೊನೆಗೊಳಿಸಿತು. ಸ್ಟೀಮಿನ ಒಳಗೆ ಗೂಗಲ್ ಸಂಸ್ಥೆಯ ಕ್ರೋಮ್‌ನ ಅಂಶವೊಂದು ಅಡಕವಾಗಿದೆ, ಆ ಕ್ರೋಮ್ ಹಳೆಯ ವಿಂಡೋಸ್‌ಗಳಲ್ಲಿ ನಡೆಯದು ಎಂಬುದು ಕೊಟ್ಟ ಕಾರಣ. ಅದು ಸುಳ್ಳಲ್ಲ. ವಿಂಡೋಸ್ ೭ನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆಯೇ ೨೦೨೦ರ ಜನವರಿ ೧೪ರಂದು ಸಾಮಾನ್ಯ ಬಳಕೆದಾರರ ಪಾಲಿಗೆ ಅದರ ಕೈಬಿಟ್ಟಿತ್ತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸರದಿಯೂ ಬಂದಿತು.

ಇದರ ಪರಿಣಾಮವನ್ನು ಅರಿಯಲು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಊಟಿಯ ಕಡೆಗೂ ಮತ್ತೊಂದು ವಯನಾಡಿನ ಕಡೆಗೂ ಸಾಗುತ್ತದೆ. ಮಲೆಯೂರಿನ ಕನಕಗಿರಿಗೂ ಚಾಮರಾಜನಗರದ ಪಾರ್ಶ್ವನಾಥ ಬಸದಿಗೂ ದರ್ಶನಕ್ಕೆ ಹೋಗುವ ಯಾತ್ರಿಕರಿಗೆ ಈ ಸೀಮೆ ಅಪರಿಚಿತವಲ್ಲ. ಅಲ್ಲಿ ಅರಿಸಿನ, ಈರುಳ್ಳಿ ಬೆಳೆಯುವ ಒಂದು ಬೇಸಾಯದ ಮನೆಯನ್ನು ಕಲ್ಪಿಸಿಕೊಂಡರೆ ಸಾಕು. ಇದು ನಡೆದ ಸಂಗತಿಯೆಂದಲ್ಲ, ನಡೆಯಬಹುದಾದ ಸಂಗತಿಯೆಂದು ಓದುಗರು ತಿಳಿಯಬೇಕು. ನಗರದ ಬಸದಿಯೊಂದರ ಟ್ರಸ್ಟು ಹೊಸ ಗಣಕವನ್ನು ಕೊಂಡಾಗ, ಕಾರ್ಯಾಲಯದ ಹಳೆಯ ಗಣಕವನ್ನು ಆ ಮನೆಯ ಹುಡುಗನ ಓದಿಗೆಂದು ದಾನ ಮಾಡಿದೆ. ಅದರಲ್ಲಿರುವುದು ವಿಂಡೋಸ್ ೭. ಹುಡುಗ ಓದುತ್ತಾನೆ, ಆಡುತ್ತಲೂ ಇರುತ್ತಾನೆ. ಹಬ್ಬಕ್ಕೆ ಬಂದ ಹಣದಲ್ಲಿ ರಿಯಾಯಿತಿಯ ದಿನ ನೋಡಿ ಸ್ಟೀಮಿನಿಂದ ನಾಲ್ಕಾರು ಆಟಗಳನ್ನು ಕೊಂಡಿದ್ದಾನೆ. ಇನ್ನು ಕೆಲವನ್ನು ಗೆಳೆಯರು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟಿದ್ದಾರೆ. ಅದೇ ಯಂತ್ರದಲ್ಲಿ ತಂದೆ ‘ಭೂಮಿ’ಯಲ್ಲಿ ಪಹಣಿ ನೋಡುತ್ತಾನೆ, ಬೆಳೆ ಮಾರಿದ ಹಣ ಬಂದಿತೇ ಎಂದು ಬ್ಯಾಂಕಿನ ಖಾತೆಯನ್ನೂ ತೆರೆಯುತ್ತಾನೆ.

ಆಟದೊಳಗಿನ ಹಿಂಸೆಯ ಪ್ರಶ್ನೆ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದರ ಫಲವೇನಾಯಿತೆಂಬುದು ತಿಳಿದೇ ಇದೆ, ತೆರೆಯ ಮೇಲಿನ ಕೊಲೆಗೆ ಆ ದೃಷ್ಟಾಂತ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಹಿರಿಯರು ಮಕ್ಕಳೊಡನೆ ಕುಳಿತು ಚರ್ಚಿಸುವುದು ಲೇಸು. ಹಣ ಒಡ್ಡಿ ಆಡುವ ಆಟಗಳಂತೂ ದ್ಯೂತವೇ ಆದುದರಿಂದ ಸಪ್ತವ್ಯಸನಗಳಲ್ಲಿ ಮೊದಲನೆಯದಕ್ಕೆ ಸೇರಿದವು. ೨೦೨೫ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿ ಜಾಲದ ಮೂಲಕ ನಡೆಯುವ ಅಂತಹ ಆಟಗಳನ್ನು ನಿಷೇಧಿಸಿತು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಚದುರಂಗವನ್ನೋ ಬಂಡಿಯೋಟವನ್ನೋ ಆಡಿ ಸಂತೋಷಪಡುವ ನಿರುಪದ್ರವಿ ಹುಡುಗನೊಬ್ಬನ ವಿಷಯವನ್ನು ಮಾತ್ರ. ಆಟ ನಿರ್ದೋಷವಾದರೂ ಆಡುವ ರೀತಿಯಲ್ಲಿ ದೋಷವಿರಬಹುದೇ ಎಂಬುದು ಪ್ರಶ್ನೆ.

ಬೆಂಬಲ ನಿಂತಿತೆಂದರೆ ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. ವಿಂಡೋಸ್‌ನಂತಹ ಕಾರ್ಯನಿರ್ವಹಣಾ ವ್ಯವಸ್ಥೆಯು ಕೋಟ್ಯಂತರ ಸಾಲುಗಳ ಬರಹ. ಅಷ್ಟು ದೀರ್ಘವಾದ ಬರಹದಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಕೆಲವು, ಹೊರಗಿನವರು ಒಳನುಗ್ಗಲು ಅನುವಾಗುವ ರಂಧ್ರಗಳು. ರಂಧ್ರವೊಂದು ಪತ್ತೆಯಾದಾಗಲೆಲ್ಲ ತಯಾರಕರು ತೇಪೆಯೊಂದನ್ನು ಸಿದ್ಧಪಡಿಸಿ ಜಾಲದ ಮೂಲಕ ಎಲ್ಲ ಯಂತ್ರಗಳಿಗೆ ಕಳುಹಿಸುತ್ತಾರೆ. ಬೆಂಬಲ ಕೊನೆಗೊಂಡ ಮೇಲೆ ಯಂತ್ರ ನಿಲ್ಲುವುದಿಲ್ಲ, ಆಟವೂ ಒಡನೆಯೇ ನಿಲ್ಲುವುದಿಲ್ಲ. ನಿಲ್ಲುವುದು ತೇಪೆ ಮಾತ್ರ. ಆದುದರಿಂದಲೇ ಮನೆಯವರ ಕಣ್ಣಿಗೆ ಏನೂ ಕಾಣುವುದಿಲ್ಲ. ನಿನ್ನೆ ಸೋಸಿದ ಬಟ್ಟೆಯೇ ಇಂದೂ ಕೊಡದ ಮೇಲಿದೆ, ನೀರು ಇಳಿಯುತ್ತಲೇ ಇದೆ.

ಇದರಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಇನ್ನೊಂದು ಸೂಕ್ಷ್ಮವಿದೆ. ಹೊಸ ವಿಂಡೋಸ್‌ಗಳು ಹಳೆಯದರ ಮೇಲೆಯೇ ಕಟ್ಟಿದವು. ಹೊಸದರಲ್ಲಿ ಕಂಡ ರಂಧ್ರ ಹಲವು ಬಾರಿ ಹಳೆಯದರಲ್ಲಿಯೂ ಇರುತ್ತದೆ. ಹೊಸದಕ್ಕೆ ತೇಪೆ ಹೊರಟಾಗ, ಅದನ್ನು ಬಿಚ್ಚಿ ನೋಡಿದ ದುಷ್ಟರಿಗೆ ಹಳೆಯದರಲ್ಲಿ ಬಾಗಿಲು ಎಲ್ಲಿ ತೆರೆದಿದೆಯೆಂಬುದು ತಿಳಿದುಹೋಗುತ್ತದೆ. ಹೀಗೆ ಹೊಸ ಯಂತ್ರಗಳನ್ನು ಕಾಯುವ ಪ್ರತಿಯೊಂದು ಕ್ರಮವೂ ಹಳೆಯ ಯಂತ್ರಗಳ ಪಾಲಿಗೆ ಒಂದು ಬಹಿರಂಗ ಡಂಗುರವಾಗಿ ಪರಿಣಮಿಸುತ್ತದೆ. ಯಂತ್ರ ಸವೆದು ಕೆಡುವುದು ಬೇರೆ. ತಾನು ಇದ್ದಂತೆಯೇ ಇದ್ದು ಲೋಕ ಬದಲಾದುದರಿಂದ ಅಪಾಯಕ್ಕೆ ಸಿಲುಕುವುದು ಬೇರೆ.

ಅಪಾಯ ತನಗೊಬ್ಬನಿಗೇ ಆದರೆ ಅದು ಅವಿವೇಕವಾದೀತೇ ಹೊರತು ದೋಷವಾಗಲಾರದು ಎಂದು ವಾದಿಸುವವರುಂಟು. ೨೦೧೭ರ ಮೇ ೧೨ರಂದು ಹರಡಿದ ‘ವಾನಾಕ್ರೈ’ ಎಂಬ ಉಪದ್ರವಿ ತಂತ್ರಾಂಶ ಆ ವಾದವನ್ನು ಮುರಿಯಿತು. ಯಾರೂ ಯಾವುದನ್ನೂ ಒತ್ತದೆಯೇ ಅದು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನಾಗಿ ಹಾಯುತ್ತಿತ್ತು. ಹಾದಲ್ಲೆಲ್ಲ ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳು ಅದಕ್ಕೆ ತುತ್ತಾದವು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ಎಲ್ಲಿಯೋ ಒಬ್ಬನು ತೇಪೆ ಹಾಕದೆ ಬಿಟ್ಟ ಯಂತ್ರ ಮತ್ತೆಲ್ಲಿಯೋ ಇರುವ ರೋಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು, ಮೂರು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮರುದಿನ ತೇಪೆ ಹೊರಡಿಸಿತು. ಆದರೆ ಮುಂದೆ ಪರೀಕ್ಷಿಸಿದಾಗ ಕಂಡ ಸಂಗತಿ ಇನ್ನೂ ವಿಚಾರಾರ್ಹ: ತುತ್ತಾದವುಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ವಿಂಡೋಸ್ ೭ರವು. ಆಗ ವಿಂಡೋಸ್ ೭ಕ್ಕೆ ಬೆಂಬಲವಿತ್ತು. ತೇಪೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿಯೇ, ಬಂದಿತ್ತು. ಹಾಕಿಕೊಂಡವರಿರಲಿಲ್ಲ.

ಎಂದರೆ ಕೇಡಿನ ಮೂಲ ಯಂತ್ರದ ವಯಸ್ಸಿನಲ್ಲಿರಲಿಲ್ಲ, ಪ್ರಮಾದದಲ್ಲಿತ್ತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮಾದದ ಯೋಗವನ್ನು ಸೇರಿಸಿಯೇ ಹೇಳಿದ್ದಾರೆಂಬುದನ್ನು ಇಲ್ಲಿ ನೆನೆಯಬಹುದು. ಎಚ್ಚರದಿಂದ ಹೆಜ್ಜೆಯಿಡುವವನ ಕಾಲಡಿಯಲ್ಲಿ ಕ್ರಿಮಿಯೊಂದು ಸತ್ತರೂ ಬಂಧವಿಲ್ಲ. ಎಚ್ಚರಗೇಡಿಯ ಕಾಲಡಿಯಲ್ಲಿ ಏನೂ ಸಾಯದಿದ್ದರೂ ದೋಷ ತಪ್ಪದು. ಈ ಮಾತಿನ ಬೆಳಕಿನಲ್ಲಿ ನೋಡಿದರೆ, ತೇಪೆ ಬರುತ್ತಿದ್ದಷ್ಟು ಕಾಲ ಎಚ್ಚರದ ಭಾರವನ್ನು ತಯಾರಕರೂ ಬಳಕೆದಾರರೂ ಹಂಚಿಕೊಂಡು ಹೊತ್ತಿದ್ದರು. ತಯಾರಕರು ಕೈಬಿಟ್ಟ ದಿನ ಆ ಭಾರ ಕಾಣೆಯಾಗುವುದಿಲ್ಲ. ಇಡಿಯಾಗಿ ಬಳಕೆದಾರನ ಹೆಗಲಿಗೆ ಬೀಳುತ್ತದೆ. ಹಳೆಯ ಯಂತ್ರವನ್ನು ಇಟ್ಟುಕೊಳ್ಳುವವನು ಅದನ್ನು ಹೊರಲು ಒಪ್ಪಿದನೇ ಇಲ್ಲವೇ ಎಂಬುದೇ ನಿರ್ಣಾಯಕ. ಹೊಸದನ್ನು ಕೊಂಡೇ ತೀರಬೇಕೆಂಬುದು ವ್ಯಾಪಾರಿಯ ಮಾತಾದೀತು, ಧರ್ಮದ ಮಾತಾಗದು.

ಹೊರುವುದು ಕಷ್ಟವೂ ಅಲ್ಲ. ಭೀಮನಬೀಡಿನ ಆ ಮನೆಯಲ್ಲಿ ಹಳೆಯ ಗಣಕಕ್ಕೆ ಜಾಲದ ಸಂಪರ್ಕವನ್ನೇ ತಪ್ಪಿಸಿ, ಹೊರಗಿನ ಪೆನ್‌ಡ್ರೈವ್‌ಗಳನ್ನೂ ದೂರವಿಟ್ಟರೆ, ಅದು ಸೋಸುವ ಬಟ್ಟೆಯ ವರ್ಗದಿಂದ ಕೊಳಗದ ವರ್ಗಕ್ಕೆ ಬಂದುಬಿಡುತ್ತದೆ. ಬ್ಯಾಂಕಿನ ಕೆಲಸವೂ ಪಹಣಿಯೂ ಬೆಂಬಲವುಳ್ಳ ಮೊಬೈಲ್ ದೂರವಾಣಿಯಲ್ಲಿ ನಡೆಯಲಿ. ಹಳೆಯ ಗಣಕದಲ್ಲಿ ಹಳೆಯ ಆಟ, ಹಳೆಯ ಪಾಠ ನಡೆಯಲಿ. ೨೦೦೦ದ ದಶಕದ ಮೊದಲ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕದ ಸರ್ಕಾರಿ ಶಾಲೆಗಳಿಗಾಗಿ ಆಟದ ರೂಪದ ಪಾಠಗಳನ್ನು ಕನ್ನಡದಲ್ಲಿಯೂ ಸಿ.ಡಿ.ಗಳಾಗಿ ಸಿದ್ಧಪಡಿಸಿತ್ತು. ಆ ಕಾಲದ ವಿಂಡೋಸ್‌ಗೆ ಹೊಂದಿಸಿ ಮಾಡಿದ ಅಂತಹ ಸಿ.ಡಿ.ಯೊಂದು ಯಾವುದಾದರೂ ಶಾಲೆಯ ಬೀರುವಿನಲ್ಲಿ ಉಳಿದಿದ್ದರೆ, ಅದಕ್ಕೆ ತಕ್ಕ ಆಸನ ಜಾಲಕ್ಕೆ ಅಂಟದ ಹಳೆಯ ಯಂತ್ರವೇ.

ಹಳೆಯದನ್ನು ಉಳಿಸಿಕೊಳ್ಳುವ ಪಕ್ಷಕ್ಕೆ ಬಲವಾದ ಇನ್ನೊಂದು ಕಾರಣವೂ ಇದೆ. ವಿಂಡೋಸ್ ೧೧ಕ್ಕೆ ಬೇಕಾದ ಯಂತ್ರಾಂಶವಿಲ್ಲದ ಕಾರಣ ಜಗತ್ತಿನಲ್ಲಿ ಸುಮಾರು ೨೪ ಕೋಟಿ ಗಣಕಗಳು ಕಸವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ ೨೦೨೩ರ ಕೊನೆಯಲ್ಲಿ ಅಂದಾಜು ಮಾಡಿತ್ತು. ೨೦೨೨ರ ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ ೬.೨ ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಣೆಗೊಂಡುದು ಕಾಲು ಭಾಗಕ್ಕೂ ಕಡಿಮೆ. ಉಳಿದುದರಲ್ಲಿ ಬಹಳಷ್ಟು ಆಮ್ಲದ ತೊಟ್ಟಿಗಳಿಗೂ ಬಯಲ ಬೆಂಕಿಗೂ ಹೋಗುತ್ತದೆ. ಸೀಸವೂ ಆಮ್ಲವೂ ಸೇರಿದ ನೀರಿನಲ್ಲಿ ಸಾಯುವ ಜೀವಿಗಳ ಲೆಕ್ಕವನ್ನು ಇಟ್ಟವರಿಲ್ಲ. ಆಟದ ವೇಗ ಹೆಚ್ಚಲೆಂಬ ಆಸೆಯಿಂದ ನಡೆಯುವ ಯಂತ್ರವನ್ನು ಮೂಲೆಗೆಸೆಯುವ ಮನೆ, ಭೋಗೋಪಭೋಗ ಪರಿಮಾಣವನ್ನು ಪರ್ಯೂಷಣದ ಉಪನ್ಯಾಸದಲ್ಲಿ ಮಾತ್ರ ಕೇಳಿದ ಮನೆಯೆನ್ನಬೇಕು.

ಇನ್ನು ಹುಡುಗನ ಆಟಗಳು. ಯಂತ್ರವನ್ನು ಜಾಲದಿಂದ ಬಿಡಿಸಿದರೆ ನ್ಯಾಯದ ತಕ್ಕಡಿ ತಲೆಕೆಳಗಾಗುವ ಒಂದು ಸನ್ನಿವೇಶ ಎದುರಾಗುತ್ತದೆ. ಒಮ್ಮೆ ಜಾಲದಲ್ಲಿ ಗುರುತು ಹೇಳಿಕೊಂಡ ಯಂತ್ರದಲ್ಲಿ ಜಾಲವಿಲ್ಲದೆಯೂ ಆಡುವ ವ್ಯವಸ್ಥೆ ಸ್ಟೀಮಿನಲ್ಲಿದೆ ನಿಜ. ಆದರೆ ಯಂತ್ರ ಒಮ್ಮೆ ಕೆಟ್ಟು ಎಲ್ಲವನ್ನೂ ಮತ್ತೆ ಸ್ಥಾಪಿಸಬೇಕಾಗಿ ಬಂದರೆ ಉಗ್ರಾಣದ ಬಾಗಿಲಿಗೇ ಹೋಗಬೇಕು, ಮತ್ತು ಉಗ್ರಾಣ ವಿಂಡೋಸ್ ೭ಕ್ಕೆ ಬಾಗಿಲು ತೆರೆಯುವ ಹೊಣೆಯನ್ನು ಕಳಚಿಕೊಂಡಿದೆ. ಹಬ್ಬದ ಹಣ ಕೊಟ್ಟು ಕೊಂಡ ಆಟ ತೆರೆಯುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದ ಕದ್ದ ಪ್ರತಿ ಯಾವ ಅಡ್ಡಿಯೂ ಇಲ್ಲದೆ ತೆರೆಯುತ್ತದೆ. ಪ್ರಾಮಾಣಿಕನಾಗಿದ್ದುದಕ್ಕೆ ಹುಡುಗ ತೆತ್ತ ದಂಡವಿದು.

ಇಲ್ಲಿ ವ್ಯಾಪಾರಿಯ ಧರ್ಮವನ್ನು ಕೇಳದೆ ಬಿಡಲಾಗದು. ಮೈಕ್ರೋಸಾಫ್ಟಿನ ನಡೆಯನ್ನು ಅಷ್ಟಾಗಿ ದೂರಲಾಗದು. ಬೆಂಬಲದ ಕೊನೆಯ ದಿನವನ್ನು ವರ್ಷಗಳ ಮೊದಲೇ ಸಾರಿ ಹೇಳುತ್ತದೆ, ವಿಂಡೋಸ್ ೭ಕ್ಕೆ ಹತ್ತು ವರ್ಷ ತೇಪೆ ಕೊಟ್ಟಿದೆ. ಯಾರೂ ಎಂದೆಂದಿಗೂ ದುಡಿಯಬೇಕೆಂದು ಕಟ್ಟುಹಾಕಲಾಗದು. ಅಂಗಡಿಯ ಸ್ಥಿತಿ ಬೇರೆ. ಆಟಕ್ಕೆ ವಿಂಡೋಸ್ ೭ ಸಾಕೆಂದು ಹೇಳಿ ಮಾರಿದುದು ಅಂಗಡಿಯೇ. ಆಟ ಬದಲಾಗಿಲ್ಲ, ಯಂತ್ರ ಬದಲಾಗಿಲ್ಲ. ನಡುವೆ ನಿಂತ ಅಂಗಡಿಯ ತಂತ್ರಾಂಶ ಮಾತ್ರ ಬದಲಾಗಿ ದಾರಿ ಕಟ್ಟಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ: ಇಟ್ಟವನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಸುಮ್ಮನಿದ್ದು ಅಷ್ಟನ್ನೇ ಕೊಡುವುದು. ಪ್ರಾಚೀನರು ಅದನ್ನು ಕಳವಿನ ಸಾಲಿನಲ್ಲಿಡದೆ ಸುಳ್ಳಿನ ಸಾಲಿನಲ್ಲಿಟ್ಟಿರುವುದು ಗಮನಾರ್ಹ. ಇಲ್ಲಿಯೂ ಕಳವಾಗಿಲ್ಲ, ‘ಕೊಳ್ಳಿರಿ’ ಎಂಬ ಮಾತಿನಲ್ಲಿ ಪೂರ್ಣ ಸತ್ಯವಿರಲಿಲ್ಲ, ಅಷ್ಟೆ. ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೨೪ರಲ್ಲಿ ಮಾಡಿದ, ೨೦೨೫ರ ಜನವರಿಯಿಂದ ಜಾರಿಗೆ ಬಂದ ಕಾನೂನು ಇದನ್ನು ಮಾರುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ಅಂಗಡಿಗಳಿಗೆ ವಿಧಿಸಿದೆ. ಪೋಲೆಂಡಿನಲ್ಲಿ ೨೦೦೮ರಲ್ಲಿ ಆರಂಭವಾದ ‘ಗಾಗ್’ ಎ��ಬ ಅಂಗಡಿ ಕಾನೂನಿಗೂ ಕಾಯದೆ, ಕೊಂಡವರು ಆಟದ ಪೂರ್ಣ ಪ್ರತಿಯನ್ನು ಇಳಿಸಿ ತಮ್ಮಲ್ಲಿಯೇ ಇಟ್ಟುಕೊಳ್ಳುವಂತೆ, ಬೀಗವಿಲ್ಲದೆ ಮಾರುತ್ತ ಬಂದಿದೆ. ವ್ಯಾಪಾರ ನಡೆದೇ ಇದೆ.

ಹಾಗಾದರೆ ಪೆನ್‌ಡ್ರೈವ್‌ನ ಪ್ರತಿಯನ್ನು ಹುಡುಗ ಆಡಬಹುದೇ? ಕೊಟ್ಟಿಲ್ಲದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದಾಗಿತ್ತು, ಧವಲ ಗ್ರಂಥಗಳ ಚರಿತ್ರೆ ಜೈನರ ಮನೆಯಲ್ಲಿಯೇ ಇರದಿದ್ದರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮಾತ್ರ ಉಳಿದಿದ್ದ ಆ ಸಿದ್ಧಾಂತ ಗ್ರಂಥಗಳನ್ನು ದರ್ಶನ ಮಾಡುವವರಿದ್ದರು, ಓದುವವರು ವಿರಳರಾಗಿದ್ದರು, ಗರಿಗಳು ಶಿಥಿಲವಾಗುತ್ತಿದ್ದವು. ೧೮೯೬ರಲ್ಲಿ ಪ್ರತಿ ಮಾಡುವ ಕಾರ್ಯ ಅನುಮತಿಯೊಂದಿಗೆ ಆರಂಭವಾಯಿತು. ಆ ಕಾರ್ಯಕ್ಕೆ ನಿಯುಕ್ತರಾದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ ಹೊರಗೆ ಒಯ್ದರು. ಅದು ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಸುವಾಗ ಮತ್ತೊಂದು ಗುಟ್ಟಿನ ಪ್ರತಿ ಹುಟ್ಟಿ ಊರೂರಿಗೆ ಹಬ್ಬಿತು. ಹೀರಾಲಾಲ್ ಜೈನರು ೧೯೩೯ರಲ್ಲಿ ಅಮರಾವತಿಯಿಂದ ಮುದ್ರಣ ಆರಂಭಿಸಿದುದು ಇಂತಹ ಪ್ರತಿಗಳನ್ನು ಆಧರಿಸಿಯೇ. ಮುಂದೆ ಮೂಡುಬಿದಿರೆಯವರೂ ಮೂಲದ ಗರಿಗಳೊಡನೆ ಪಾಠವನ್ನು ಹೋಲಿಸಲು ನೆರವಾದರು. ಇಂದು ಆ ಗ್ರಂಥಗಳು ಸ್ವಾಧ್ಯಾಯಕ್ಕೆ ದೊರೆಯುತ್ತಿರುವುದರ ಹಿಂದೆ ಅನುಮತಿಯಿಲ್ಲದ ನಕಲು ಇದೆಯೆಂಬುದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಪರಮಾಗಮಕ್ಕೂ ಬಂಡಿಯೋಟದ ಆಟಕ್ಕೂ ಹೋಲಿಕೆಯೇ ಎಂದು ಕೇಳುವವರ ಅಸಮಾಧಾನ ಸಹಜ. ಹೋಲಿಕೆ ವಸ್ತುವಿನ ಮಹತ್ವದಲ್ಲಿಲ್ಲ, ಸ್ಥಿತಿಯಲ್ಲಿದೆ. ಇಟ್ಟುಕೊಂಡವರು ಹೊರಗೆ ಬಿಡರು, ಇಟ್ಟಲ್ಲಿಯೇ ಅದು ನಶಿಸುತ್ತಿದೆ: ಇಂತಹ ಕಡೆ ನಕಲು ಮಾಡಿದವನನ್ನು ಕಳ್ಳನೆಂದು ಕರೆಯಲು ನಾಲಗೆ ತಡವರಿಸುತ್ತದೆ. ಸಾವಿರಾರು ಹಳೆಯ ಆಟಗಳ ಸ್ಥಿತಿ ಇದೇ ಆಗಿದೆ. ತಯಾರಿಸಿದ ಸಂಸ್ಥೆ ಮುಚ್ಚಿಹೋಗಿದೆ, ಮಾರುವವರಿಲ್ಲ, ಹಣ ಕೊಡುತ್ತೇನೆಂದರೂ ಕೈಯೊಡ್ಡುವವರಿಲ್ಲ. ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆ ಮಾತ್ರ ಗಣಕದ ಕ್ರಮವಿಧಿಯನ್ನೂ ಸಾಹಿತ್ಯಕೃತಿಯೆಂದೆಣಿಸಿ ದಶಕಗಳ ಕಾಲ ಕಾಯುತ್ತದೆ. ಈ ಕಗ್ಗಂಟನ್ನು ಬಿಡಿಸಬಲ್ಲವರು ಕರ್ತೃಗಳೇ, ಮತ್ತು ಕೆಲವರು ಬಿಡಿಸಿಯೂ ಇದ್ದಾರೆ. ೧೯೮೯ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಪ್ರಸಿದ್ಧ ಆಟವನ್ನು ರಚಿಸಿದ ಜೋರ್ಡನ್ ಮೆಕ್‌ನರ್, ಕಳೆದುಹೋಗಿತ್ತೆಂದು ತಿಳಿದಿದ್ದ ಅದರ ಮೂಲ ಬರಹವುಳ್ಳ ಹಳೆಯ ಫ್ಲಾಪಿಗಳು ತಂದೆಯ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಾಗ, ೨೦೧೨ರಲ್ಲಿ ಅದನ್ನು ಬಲ್ಲವರಿಂದ ಉಳಿಸಿ ತೆಗೆಸಿ ಎಲ್ಲರೂ ನೋಡುವಂತೆ ತೆರೆದಿಟ್ಟರು.

ಆದರೆ ಭೀಮನಬೀಡಿನ ಹುಡುಗನ ಪೆನ್‌ಡ್ರೈವ್‌ನಲ್ಲಿರುವುದು ಅಂತಹ ಅನಾಥ ಆಟವೇ? ಅಂಗಡಿಯಲ್ಲಿ ಇಂದಿಗೂ ನೂರು ಇನ್ನೂರು ರೂಪಾಯಿಗೆ ದೊರೆಯುವ ಆಟವಾದರೆ ಧವಲದ ಮಾತನ್ನು ಅದಕ್ಕೆ ತರುವುದು ಕುತರ್ಕ. ತಾನೇ ಹಣ ಕೊಟ್ಟು ಕೊಂಡು, ಬೀಗದ ದೆಸೆಯಿಂದ ಆಡಲಾಗದೆ ಹೋದ ಆಟದ ಪ್ರತಿಯಾದರೆ, ಕಾನೂನು ಏನೇ ಹೇಳಲಿ, ಆತ್ಮಸಾಕ್ಷಿಯ ಮುಂದೆ ಅವನ ತಪ್ಪು ಅತ್ಯಲ್ಪವೆನ್ನಬೇಕು. ಆಗಲೂ ಒಂದು ವ್ಯಾವಹಾರಿಕ ಎಚ್ಚರ ಉಳಿದೇ ಇರುತ್ತದೆ. ಬೀಗ ಮುರಿದ ಪ್ರತಿಗಳನ್ನು ಹಂಚುವವರು ಅನೇಕ ವೇಳೆ ವೈರಸ್ ನಿರೋಧಕವನ್ನು ನಿಲ್ಲಿಸಿರೆಂದು ಮೊದಲೇ ಸೂಚಿಸುತ್ತಾರೆ. ಕಾವಲುಗಾರನನ್ನು ಮಲಗಿಸಿ ಬಾ ಎಂದು ಹೇಳಿ ಕೊಡುವ ಉಡುಗೊರೆಯಲ್ಲಿ ಏನಿದ್ದೀತೆಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಗುಂಡ್ಲುಪೇಟೆಗೆ ಬಹು ಹತ್ತಿರದಲ್ಲಿಯೇ ಇದೆ. ಬಂಡೀಪುರದ ಕಾಡು ದಾಟಿ ಹೋದರೆ ಸಿಗುವ ಸುಲ್ತಾನ್ ಬತ್ತೇರಿಯ ಹಳೆಯ ಜೈನ ಬಸದಿಯನ್ನು ಅನೇಕ ಓದುಗರು ನೋಡಿರಬಹುದು. ಅದೇ ಊರಿನ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಏನಿದೆಯೆಂಬುದನ್ನು ನೋಡಿದವರು ಕಡಿಮೆ. ಕೇರಳದ ಶಾಲೆಗಳು ವಿಂಡೋಸನ್ನು ಬಿಟ್ಟು ಬಹಳ ವರ್ಷಗಳಾದವು. ಯಾರೂ ಬೆಲೆ ಕೊಡದೆ ಪಡೆಯಬಹುದಾದ, ತೇಪೆಗಳೂ ಉಚಿತವಾಗಿ ಬರುವ ಲಿನಕ್ಸನ್ನು ಅಲ್ಲಿನ ‘ಕೈಟ್’ ಸಂಸ್ಥೆ ಶಾಲೆಗಳಿಗೆ ಹೊಂದಿಸಿ ಕೊಡುತ್ತದೆ. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಗಣಕ ಪಠ್ಯದ ಹೆಸರೇ ‘ಕಳಿಪ್ಪೆಟ್ಟಿ’, ಎಂದರೆ ಆಟಿಕೆಯ ಪೆಟ್ಟಿಗೆ. ಮಕ್ಕಳು ‘ಜಿಕಾಂಪ್ರಿ’ಯಂತಹ ಮುಕ್ತ ಆಟಗಳ ಮೂಲಕವೇ ಕಲಿಯುತ್ತಾರೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ವ್ಯವಸ್ಥೆಯೊಳಗೇ ಇದ್ದಾರೆ. ಹಳೆಯ ಯಂತ್ರದಲ್ಲಿ ಹಗುರವಾದ ಲಿನಕ್ಸನ್ನು ಸ್ಥಾಪಿಸಿದರೆ ಯಂತ್ರ ಹಳೆಯದಾಗಿಯೇ ಉಳಿದು, ಸೋಸುವ ಬಟ್ಟೆ ಮಾತ್ರ ಹೊಸದಾಗುತ್ತದೆ. ಸ್ಟೀಮ್ ಕೂಡ ೨೦೧೩ರಿಂದ ಲಿನಕ್ಸಿಗೆ ದೊರೆಯುತ್ತಿದೆ. ವಿಂಡೋಸ್‌ನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಉಪಾಯವನ್ನೂ ವಾಲ್ವ್ ಸಂಸ್ಥೆಯೇ ೨೦೧೮ರಲ್ಲಿ ಅದಕ್ಕೆ ಸೇರಿಸಿತು. ಎಲ್ಲ ಆಟಗಳೂ, ಎಲ್ಲ ಹಳೆಯ ಯಂತ್ರಗಳೂ ಇದಕ್ಕೆ ಒಗ್ಗುವುದಿಲ್ಲ. ಆದರೂ ಹುಡುಗ ಕೊಂಡ ನಾಲ್ಕಾರು ಆಟಗಳಲ್ಲಿ ಒಂದೆರಡಾದರೂ ನ್ಯಾಯವಾದ ದಾರಿಯಿಂದಲೇ ತೆರೆದಾವು.

ಹುಡುಗನ ವಿಚಾರ ಇಷ್ಟಾದ ಮೇಲೆ, ಆ ಯಂತ್ರವನ್ನು ಕೊಟ್ಟ ಟ್ರಸ್ಟಿನ ವಿಚಾರ ಉಳಿಯುತ್ತದೆ. ಈ ಪತ್ರಿಕೆಯ ಅನೇಕ ವಾಚಕರಿಗೆ ಹೆಚ್ಚು ಸಂಬಂಧಿಸಿದುದೂ ಅದೇ. ವಿಂಡೋಸ್ ೧೦ರ ಬೆಂಬಲ ನಿಂತ ಮೇಲೆ ಅನೇಕ ಕಾರ್ಯಾಲಯಗಳು ಹಳೆಯ ಗಣಕಗಳನ್ನು ಬದಲಿಸುತ್ತಿವೆ, ಹಳೆಯವನ್ನು ವಿದ್ಯಾದಾನದ ಹೆಸರಿನಲ್ಲಿ ಹಳ್ಳಿಗಳಿಗೆ ಕಳುಹಿಸುತ್ತಿವೆ. ಉದ್ದೇಶ ಒಳ್ಳೆಯದು. ಕೊಡುವ ಕ್ರಮದಲ್ಲಿ ಮಾತ್ರ, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ಎತ್ತಬೇಕು, ನೋಡಿ ಇಡಬೇಕೆಂಬ ಆದಾನನಿಕ್ಷೇಪಣ ಸಮಿತಿಯ ನೆನಪು ಬಹುಮಟ್ಟಿಗೆ ಇರುವುದಿಲ್ಲ. ಮುನಿಗಳಿಗೆ ವಿಧಿಸಿದ ಸಮಿತಿ ಟ್ರಸ್ಟಿಗೆ ಏಕೆಂದು ಕೇಳಬಹುದು. ಬಸದಿಯ ಕಾರ್ಯಾಲಯದ ಗಣಕದಲ್ಲಿ ಏನಿರುತ್ತದೆಂದು ಯೋಚಿಸಿದರೆ ಉತ್ತರ ತಾನಾಗಿ ಹೊಳೆಯುತ್ತದೆ: ಅಭಿಷೇಕಕ್ಕೂ ಜೀರ್ಣೋದ್ಧಾರಕ್ಕೂ ಹಣ ಕೊಟ್ಟವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ರಸೀತಿಗಾಗಿ ಪಡೆದ ಪ್ಯಾನ್ ಸಂಖ್ಯೆ, ಕೆಲವೆಡೆ ಬ್ಯಾಂಕಿನ ವಿವರ. ಕಡತಗಳನ್ನು ಅಳಿಸಿದೆವೆಂದು ಕಾರ್ಯದರ್ಶಿಗಳು ಹೇಳುತ್ತಾರೆ. ಸಾಮಾನ್ಯವಾಗಿ ಅಳಿಸಿದಾಗ ಹೋಗುವುದು ಸೂಚಿ ಮಾತ್ರ. ಬರಹ ಡಿಸ್ಕಿನಲ್ಲಿ ಉಳಿದೇ ಇರುತ್ತದೆ, ಅದರ ಮೇಲೆ ಬೇರೆ ಬರಹ ಬೀಳುವವರೆಗೆ ಹೊರತೆಗೆಯಲು ಬರುತ್ತದೆ. ಹುಡುಗನ ಪೆನ್‌ಡ್ರೈವ್‌ನಿಂದ ಬಂದ ಆಟದೊಡನೆ ಕಳ್ಳ ತಂತ್ರಾಂಶವೂ ಬಂದರೆ, ಅದಕ್ಕೆ ಸಿಗುವುದು ಹುಡುಗನ ತಂದೆಯ ಬ್ಯಾಂಕ್ ಖಾತೆಯಷ್ಟೇ ಅಲ್ಲ.

ದಾನಿಗಳು ಟ್ರಸ್ಟನ್ನು ನಂಬಿ ಕೊಟ್ಟ ವಿವರಗಳು ನ್ಯಾಸವೇ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ದೇಶದ ಕಾಯಿದೆಯೂ ಬಂದಿದೆ. ಆದರೆ ಬಸದಿಯ ಟ್ರಸ್ಟು ಕಾಯಿದೆಗೆ ಕಾಯಬೇಕಾಗಿರಲಿಲ್ಲ. ಅಪಾಯದ ವಸ್ತುವನ್ನು ಪರರ ಕೈಗಿಡುವುದನ್ನು ಸಮಂತಭದ್ರಾಚಾರ್ಯರು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಬೆಂಬಲವಿಲ್ಲದ ಗಣಕವನ್ನು ಕೊಡುವುದನ್ನು ಹಿಂಸಾದಾನವೆಂದು ಕರೆಯುವುದು ಅತಿಯಾದೀತು. ಆದರೂ ಪಡೆಯುವವನಿಗೆ ಅಪಾಯವನ್ನು ತಿಳಿಸದೆ ಕೊಡುವುದು ಅದರ ನೆರೆಯಲ್ಲಿಯೇ ಇದೆ. ಪಡೆದವನು ಕೃತಜ್ಞತೆಯ ಭಾರದಲ್ಲಿ ಏನನ್ನೂ ಕೇಳಲಾರನೆಂಬುದು ಅದನ್ನು ಇನ್ನಷ್ಟು ಹತ್ತಿರಕ್ಕೆ ತರುತ್ತದೆ.

ಮಾಡಬೇಕಾದುದು ಸ್ವಲ್ಪವೇ. ಹಳೆಯ ಡಿಸ್ಕನ್ನು ಬಿಚ್ಚಿ ಟ್ರಸ್ಟಿನಲ್ಲಿಯೇ ಉಳಿಸಿಕೊಂಡು ನಾಶಪಡಿಸುವುದು, ಇಲ್ಲವೆ ಬಲ್ಲವರಿಂದ ಪೂರ್ತಿ ಒರೆಸಿಸುವುದು. ಲಿನಕ್ಸನ್ನೋ ಬೆಂಬಲವುಳ್ಳ ಬೇರೊಂದು ವ್ಯವಸ್ಥೆಯನ್ನೋ ಸ್ಥಾಪಿಸಿ, ಒಂದೆರಡು ಮುಕ್ತ ಆಟಗಳನ್ನೂ ಹಾಕಿ ಕೊಡುವುದು. ಆಟವಿಲ್ಲದ ಗಣಕ ಕೊಟ್ಟರೆ ಹುಡುಗ ಆಟವನ್ನು ಹುಡುಕಿಕೊಂಡು ಹೋಗುತ್ತಾನೆ, ಸಿಗುವುದು ಪೆನ್‌ಡ್ರೈವ್‌ನಲ್ಲಿಯೇ. ಯಾವುದಕ್ಕೂ ಒದಗದ ಯಂತ್ರವಾದರೆ ಅದನ್ನು ದಾನದ ಪಟ್ಟಿಯಿಂದ ತೆಗೆದು ಕಸದ ಪಟ್ಟಿಗೆ ಸೇರಿಸುವ ಪ್ರಾಮಾಣಿಕತೆ ಬೇಕು. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ಅದು ಅಧಿಕೃತ ಸಂಸ್ಕರಣಾ ಘಟಕಕ್ಕೇ ಹೋಗಬೇಕು. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ೨೦೦೫ರಲ್ಲಿಯೇ ದೇಶದ ಮೊದಲ ಅಧಿಕೃತ ಘಟಕವಾದ ‘ಇ-ಪರಿಸರ’ ಆರಂಭವಾದುದರಿಂದ ಕರ್ನಾಟಕದವರಿಗೆ ಇದು ಹೊಸ ಮಾತೂ ಅಲ್ಲ. ಹೊಸ ಗಣಕಕ್ಕೆಂದು ಠರಾವು ಮಾಡುವ ಸಭೆಯಲ್ಲಿಯೇ ಹಳೆಯದನ್ನು ಸಿದ್ಧಪಡಿಸುವ ತಂತ್ರಜ್ಞನ ಒಂದು ದಿನದ ಸಂಭಾವನೆಯನ್ನೂ ಸೇರಿಸಿದರೆ ಟ್ರಸ್ಟಿನ ಲೆಕ್ಕದಲ್ಲಿ ಅದು ಹೂವಿನ ಖರ್ಚಿಗಿಂತ ಹೆಚ್ಚಾಗದು. ಜೊತೆಗೆ ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಯಂತ್ರದ ಬದಿಗೆ ಅಂಟಿಸಬೇಕು: ಇದರಲ್ಲಿ ಯಾವ ವ್ಯವಸ್ಥೆಯಿದೆ, ಅದಕ್ಕೆ ಯಾವ ದಿನದವರೆಗೆ ತೇಪೆ ಬರುತ್ತದೆ, ಆ ದಿನ ಕಳೆದ ಮೇಲೆ ಜಾಲದ ತಂತಿಯನ್ನು ಕಿತ್ತು ಯಾರಿಗೆ ತಿಳಿಸಬೇಕು.